ಕೊನೆಯ ಡಬ್ಬಿ

ಫೆಬ್ರವರಿ ೮

ಗುಂಡಾ,

ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾವಾಗ ಹಿಡಿಯಿತು ಎಂದು ನಗಬೇಡ. ಫೋನ್ ಮಾಡಿದರೆ ನೀನು ‘ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ’ ಅನ್ನುತ್ತೀಯ. ಆ ‘ಆಮೇಲೆ’ ಇವತ್ತಿನವರೆಗೂ ಬಂದಿಲ್ಲ. ಕಾಗದವಾದರೆ ಮೀಟಿಂಗಿನಲ್ಲೂ ಮೇಜಿನ ಕೆಳಗಿಟ್ಟುಕೊಂಡು ಓದಬಹುದು. ಶಾಲೆಯಲ್ಲಿ ನಿನಗೆ ಆ ಕಲೆ ಚೆನ್ನಾಗಿಯೇ ಬರುತ್ತಿತ್ತು.

ಕ್ಷೇಮ ಸಮಾಚಾರ ಬರೆಯುವ ತಾಳ್ಮೆ ನನಗಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಆಸ್ಪತ್ರೆಗೆ ಮೂರ್ಛೆರೋಗದ ಮಾತ್ರೆ ಬಂದು ತಿಂಗಳುಗಳೇ ಆದವು. ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಔಷಧಿ ಕೊಳ್ಳುವ ಕಚೇರಿಯಲ್ಲಿ ಉಪನಿರ್ದೇಶಕನಾಗಿ ಕೂತಿರುವವನು ನೀನು. ಇಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ನಿಂತು ಬೈಸಿಕೊಳ್ಳುವವಳು ನಾನು. ‘ಇಲ್ಲ, ಬಂದಿಲ್ಲ, ಮುಂದಿನ ವಾರ ನೋಡಿ’ ಎಂದು ಹೇಳಿ ಹೇಳಿ ನನ್ನ ನಾಲಿಗೆಗೆ ಅದು ಬಾಯಿಪಾಠವಾಗಿದೆ. ನಿನ್ನೆ ಮನೆಯಲ್ಲಿ ನಿನ್ನ ಭಾವ ಕುಡಿಯಲು ನೀರು ಕೇಳಿದರೆ ಅವರಿಗೂ ಅದನ್ನೇ ಹೇಳಿದೆ.

ಕನ್ನಡಿ ನೆನಪಿದ್ದಾನಾ? ನಿನ್ನ ಬೆಂಚಿನವನು. ಅವರಪ್ಪ ಕನ್ನಡಿ ಮಾರುತ್ತಿದ್ದರೆಂದು ನೀವೆಲ್ಲ ಸೇರಿ ಅವನಿಗೆ ಆ ಹೆಸರಿಟ್ಟಿರಿ. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಅದೇ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾನೆ. ತರಗತಿಯಲ್ಲಿ ಅವನು ಬಿದ್ದಾಗಲೆಲ್ಲ ತಲೆಯ ಕೆಳಗೆ ನಿನ್ನ ಚೀಲ ಇಡುತ್ತಿದ್ದೆಯಲ್ಲ, ಆ ಕಾಯಿಲೆ ಈಗಲೂ ಇದೆ. ದಿನಾ ಮಾತ್ರೆ ನುಂಗಿದರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ತಪ್ಪಿದರೆ ಬೀಳುತ್ತಾನೆ. ಅವನು ಬೀಳುವ ಜಾಗದ ಸುತ್ತ ಏನಿರುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನ ಅಂಗಡಿಗಳಲ್ಲೂ ಆ ಅಗ್ಗದ ಮಾತ್ರೆ ಸಿಗುತ್ತಿಲ್ಲ. ಸಿಗುವ ದುಬಾರಿಯದ್ದನ್ನು ಅವನು ಒಂದು ತಿಂಗಳು ಹೇಗೋ ಕೊಂಡ. ಈಗ ಆ ಮಾತ್ರೆಯನ್ನೇ ಅರ್ಧ ಮಾಡಿ ನುಂಗುತ್ತಿದ್ದಾನೆ. ‘ನಾನು ಕತ್ತರಿಸಿದ್ರೆ ಕೂದಲೆಳೆ ಹೆಚ್ಚುಕಮ್ಮಿ ಆಗಲ್ಲ ಅಕ್ಕಾ’ ಎಂದು ನಗುತ್ತಾನೆ. ಮಾರಾಯ, ಹಾಗೆ ಅರ್ಧ ಮಾಡಬಾರದು ಎಂದರೆ ‘ಹಾಗಾದ್ರೆ ಪೂರ್ತಿದು ಕೊಡಿ’ ಅನ್ನುತ್ತಾನೆ. 

ಮಾತ್ರೆ ಯಾವಾಗ ಬರುತ್ತದೆ? ಒಂದು ತಾರೀಖು ಬರೆ. ಸಬೂಬು ಬೇಡ.

ನಿನ್ನ
ಅಕ್ಕ


ಫೆಬ್ರವರಿ ೧೯

ಅಕ್ಕಾ,

ಕಾಗದವನ್ನು ಮೇಜಿನ ಕೆಳಗಲ್ಲ, ಮೇಲೆಯೇ ಇಟ್ಟುಕೊಂಡು ಓದಿದೆ. ನಿನ್ನ ಬೈಗುಳ ಫೋನಿಗಿಂತ ಕೈಬರಹದಲ್ಲೇ ಜೋರಾಗಿ ಕೇಳಿಸುತ್ತದೆ.

ಆದರೆ ನನಗೊಂದು ಅರ್ಥವಾಗಲಿಲ್ಲ. ನನ್ನ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಕಂಪ್ಯೂಟರ್ ಪರದೆಯಿದೆ. ಒಂದೊಂದು ಆಸ್ಪತ್ರೆಗೆ ಒಂದೊಂದು ಸಾಲು, ಒಂದೊಂದು ಔಷಧಿಗೆ ಒಂದೊಂದು ಚೌಕ. ದಾಸ್ತಾನಿದ್ದರೆ ಹಸಿರು, ಮುಗಿದರೆ ಕೆಂಪು. ಇದನ್ನು ಕಟ್ಟಲು ನಾನು ಜೀವ ತೇಯ್ದಿದ್ದೇನೆ. ಮೊದಲೆಲ್ಲ ಯಾವ ಊರಿನಲ್ಲಿ ಏನಿಲ್ಲ ಎಂದು ತಿಳಿಯುವ ಹೊತ್ತಿಗೆ ರೋಗಿ ಇರುತ್ತಿರಲಿಲ್ಲ. ಈಗ ಕೂತಲ್ಲೇ ಕಾಣುತ್ತದೆ. ನಿನ್ನ ಪತ್ರ ಓದಿದ ಕೂಡಲೇ ನಿಮ್ಮ ಆಸ್ಪತ್ರೆಯ ಸಾಲು ನೋಡಿದೆ. ಮೂರ್ಛೆಮಾತ್ರೆಯ ಚೌಕ ಹಸಿರಾಗಿದೆ. ನಿಮ್ಮಲ್ಲಿ ದಾಸ್ತಾನಿದೆ ಅಕ್ಕಾ. ಬೀರು ಸರಿಯಾಗಿ ಹುಡುಕು.

ಸರಬರಾಜಿನ ತೊಂದರೆ ಇರುವುದು ಸುಳ್ಳಲ್ಲ. ಕಳೆದ ಟೆಂಡರಿನಲ್ಲಿ ಆ ಮಾತ್ರೆಯ ಬೆಲೆಯನ್ನು ಹಿಂಡಿ ಹಿಂಡಿ ಪಾತಾಳಕ್ಕೆ ಇಳಿಸಿದೆವು. ಅದಕ್ಕೆ ನಮಗೊಂದು ಪ್ರಶಸ್ತಿ ಫಲಕವೂ ಬಂತು. ಆಮೇಲೆ ಆ ಕಂಪನಿ ಈ ಬೆಲೆಗೆ ನಮಗೆ ಗಿಟ್ಟುವುದಿಲ್ಲ ಎಂದು ಕೈಯೆತ್ತಿತು. ಮರಳಿ ಟೆಂಡರ್ ಕರೆದರೆ ಒಬ್ಬರೂ ತಲೆ ಹಾಕಲಿಲ್ಲ. ಹೆಚ್ಚು ಬೆಲೆ ಕೊಟ್ಟು ತುರ್ತಾಗಿ ಕೊಳ್ಳುವ ಅಧಿಕಾರ ನನಗಿದೆ. ಆದರೆ ಅದಕ್ಕೆ ಕಾಲು ಭಾಗದಷ್ಟಾದರೂ ಆಸ್ಪತ್ರೆಗಳು ಕೆಂಪಾಗಿರಬೇಕು ಎಂಬುದು ನಿಯಮ. ಇವತ್ತು ಒಂದೂ ಕೆಂಪಿಲ್ಲ. ಇಡೀ ಗೋಡೆ ಹಸಿರಾಗಿರುವಾಗ ‘ಔಷಧಿ ಮುಗಿದಿದೆ’ ಎಂದು ಬರೆದರೆ ಲೆಕ್ಕ ತಪಾಸಣೆಯವರು ನನ್ನ ಚರ್ಮ ಸುಲಿಯುತ್ತಾರೆ.

ಕೆಂಪು ಎಲ್ಲಿದೆ, ತೋರಿಸು. ಮರುದಿನವೇ ಕೊಳ್ಳುತ್ತೇನೆ. ಕನ್ನಡಿಗೆ ನನ್ನ ನೆನಪು ಹೇಳು.

ನಿನ್ನ
ಗುಂಡ


ಫೆಬ್ರವರಿ ೨೫

ಗುಂಡಾ,

ಬೀರು ಹುಡುಕು ಅಂದೆಯಾ? ನನಗೆ? ಆ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿ ತೂಗಲು ಶುರುವಾದಾಗ ನೀನಿನ್ನೂ ಕಾಲೇಜಿಗೆ ಸೈಕಲ್ ತುಳಿಯುತ್ತಿದ್ದೆ. ಅದರಲ್ಲಿ ಏನಿದೆ ಎಂದು ನಾನು ಹೇಳುತ್ತೇನೆ, ಕಿವಿಗೊಟ್ಟು ಕೇಳು.

ಅದರಲ್ಲಿ ಮೂರ್ಛೆಮಾತ್ರೆಯ ಒಂದು ಡಬ್ಬಿ ಇದೆ. ಒಂದೇ ಒಂದು. ಅದಕ್ಕೆ ನಮ್ಮಲ್ಲಿ ‘ಕೊನೆಯ ಡಬ್ಬಿ’ ಎಂದೇ ಹೆಸರು. ಅದನ್ನು ಯಾರಿಗೂ ಕೊಡುವ ಹಾಗಿಲ್ಲ. ಯಾಕೆ ಗೊತ್ತಾ? ದಾಸ್ತಾನು ಪೂರ್ತಿ ಮುಗಿಯಿತು ಎಂದು ಕಂಪ್ಯೂಟರಿಗೆ ತಿಳಿದ ದಿನವೇ ಕಾರಣ ಕೇಳುವ ನೋಟಿಸು ಬರುತ್ತದೆ. ‘ಮುಂದಾಲೋಚನೆಯಿಲ್ಲದೆ ದಾಸ್ತಾನು ಮುಗಿಯಗೊಟ್ಟ ಬಗ್ಗೆ.’ ಬಡ್ತಿ ನಿಲ್ಲುತ್ತದೆ, ದೊಡ್ಡ ಡಾಕ್ಟರ ಹೆಸರಿಗೆ ಕಪ್ಪು ಚುಕ್ಕೆ ಬೀಳುತ್ತದೆ. ಆ ನೋಟಿಸಿನ ನಿಯಮ ಮಾಡಿದ ಮಹಾನುಭಾವ ಯಾರು? ನೀನೇ. ಪರದೆ ಕಟ್ಟಿದಾಗಲೇ ಅದನ್ನೂ ಕಳಿಸಿದ್ದೆ.

ಅಂದಿನಿಂದ ಪ್ರತಿ ಆಸ್ಪತ್ರೆಯ ಪ್ರತಿ ಫಾರ್ಮಸಿಸ್ಟೂ ಪ್ರತಿ ಔಷಧಿಯ ಒಂದು ಡಬ್ಬಿಯನ್ನು ಬೀರುವಿನ ಹಿಂಬದಿಗೆ ತಳ್ಳಿ ಕೂತಿದ್ದಾರೆ. ಕೇಳಿದರೆ ‘ತುರ್ತಿಗೆ’ ಅನ್ನುತ್ತೇವೆ. ಮೂರ್ಛೆ ಬಂದು ಒದ್ದಾಡುವವನ ಬಾಯಿಗೆ ಯಾರಾದರೂ ಮಾತ್ರೆ ತುರುಕುತ್ತಾರೇನೋ? ಅವನಿಗೆ ಕೊಡುವುದು ಇಂಜೆಕ್ಷನ್. ಈ ಡಬ್ಬಿಯ ತುರ್ತು ರೋಗಿಗಲ್ಲ, ನಿನ್ನ ಗೋಡೆಗೆ. ಅದು ಬೀರುವಿನಲ್ಲಿ ಕೂತು ಅವಧಿ ಮುಗಿಸಿಕೊಂಡು ಸಾಯುತ್ತದೆ. ಇಲ್ಲಿ ಕಿಟಕಿಯ ಈಚೆ ನಾನು ಇಲ್ಲ ಎನ್ನುತ್ತೇನೆ, ಅಲ್ಲಿ ನೀನು ಇದೆ ಎನ್ನುತ್ತೀಯ. ಇಬ್ಬರೂ ಸರ್ಕಾರದ ಸಂಬಳ ತಿನ್ನುತ್ತೇವೆ.

ಒಂದೂ ಕೆಂಪಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಅಷ್ಟೊಂದು ಆಸ್ಪತ್ರೆಗಳಲ್ಲಿ ಒಂದರಲ್ಲೂ ಒಂದು ಔಷಧಿಯೂ ಮುಗಿದಿಲ್ಲ ಎಂದರೆ ನಿನಗೆ ಒಂದು ಕ್ಷಣಕ್ಕಾದರೂ ಅನುಮಾನ ಬರಬೇಡವೇ? ಮನೆಯಲ್ಲಿ ಉಪ್ಪೂ ಮುಗಿಯುತ್ತದಲ್ಲೋ!

ನಿನ್ನ ನೆನಪು ಹೇಳಿದೆ. ಕನ್ನಡಿ ‘ಗುಂಡ ಹೇಗಿದಾನೆ? ದಪ್ಪ ಆಗಿದಾನಾ?’ ಎಂದು ಕೇಳಿದ. ನೀನು ಯಾವ ಕಚೇರಿಯಲ್ಲಿ ಕೂತಿದ್ದೀಯ ಎಂದು ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ಅಕ್ಕ


ಮಾರ್ಚ್ ೨೨

ಅಕ್ಕಾ,

ಉತ್ತರ ತಡವಾಯಿತು. ನೀನು ಬರೆದದ್ದು ನಿಜವೇ ಎಂದು ತಿಳಿಯಲು ನಾಲ್ಕಾರು ಆಸ್ಪತ್ರೆಗಳಿಗೆ ನಾನೇ ಫೋನ್ ಮಾಡಿದೆ. ಎಲ್ಲರೂ ‘ಇದೆ ಸಾರ್, ಇದೆ ಸಾರ್’ ಎಂದರು. ಒಬ್ಬಳು ಮಾತ್ರ ‘ಎಷ್ಟಿದೆ’ ಎಂದು ಕೇಳಿದ್ದಕ್ಕೆ ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟಳು. ನಿನ್ನ ಮಾತು ನಂಬುತ್ತೇನೆ.

ನಿರ್ದೇಶಕರ ಮುಂದೆ ವಿಷಯ ಎತ್ತಿದೆ. ‘ಚೆನ್ನಾಗಿ ನಡೀತಿರೋದನ್ನ ಯಾಕ್ರೀ ಕೆದಕ್ತೀರಾ?’ ಎಂದರು. ಆದರೂ ಟಿಪ್ಪಣಿ ಬರೆದು ಫೈಲನ್ನು ಮೇಲೆ ಕಳಿಸಿದ್ದೇನೆ. ಸ್ವಲ್ಪ ಕಾಲ ಬೇಕು. ಈ ಕಚೇರಿಯಲ್ಲಿ ನಾನೊಬ್ಬನೇ ಅಲ್ಲ, ಅದನ್ನು ನೀನು ಅರ್ಥ ಮಾಡಿಕೊಳ್ಳಬೇಕು.

ದಮ್ಮಯ್ಯ, ನೀನು ದುಡುಕಿ ಆ ಡಬ್ಬಿ ಒಡೆಯಬೇಡ. ನಿಮ್ಮದೊಂದೇ ಆಸ್ಪತ್ರೆ ಕೆಂಪಾದರೆ ನನಗೆ ಕೊಳ್ಳಲು ಅಧಿಕಾರ ಬರುವುದಿಲ್ಲ, ನಿನಗೆ ನೋಟಿಸು ಮಾತ್ರ ಬರುತ್ತದೆ. ಅದಕ್ಕೆ ಸಹಿ ಹಾಕಬೇಕಾದವನು ನಾನು. ಕನ್ನಡಿಗೆ ಇನ್ನೂ ಸ್ವಲ್ಪ ದಿನ ಸುಧಾರಿಸಿಕೊಳ್ಳಲು ಹೇಳು.

ಗುಂಡ


ಏಪ್ರಿಲ್ ೨

ಗುಂಡಾ,

ಕನ್ನಡಿ ಸುಧಾರಿಸಿಕೊಂಡ. ಮೊನ್ನೆ ಬೆಳಿಗ್ಗೆ ಅಂಗಡಿಯಲ್ಲಿ, ಒಂದು ಕಪಾಟಿನ ಬಾಗಿಲಿಗೆಂದು ಅಳತೆ ಮಾಡಿದ ಗಾಜನ್ನು ಎರಡು ಕೈಯಲ್ಲಿ ಎತ್ತಿಕೊಂಡು ನಿಂತಿದ್ದಾಗ ಸುಧಾರಿಸಿಕೊಂಡ. ಗಾಜಿನ ಸಮೇತ ಬಿದ್ದ.

ಪಕ್ಕದ ಸೈಕಲ್ ಅಂಗಡಿಯವನು ಅವನನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ನನ್ನ ಕಿಟಕಿಯ ಮುಂದಿನಿಂದಲೇ ತಂದ. ಬಲಗೈಗೆ ಸುತ್ತಿದ್ದ ಟವೆಲ್ಲಿನ ಬಣ್ಣ ಯಾವುದಿತ್ತೋ ಹೇಳಲು ಆಗುತ್ತಿರಲಿಲ್ಲ. ಅವನ ಹೆಂಡತಿ ಬರಿಗಾಲಿನಲ್ಲಿ ಹಿಂದೆ ಓಡಿ ಬರುತ್ತಿದ್ದಳು. ಎಚ್ಚರ ಬಂದ ಮೇಲೆ ಅವನು ಮೊದಲು ಹೇಳಿದ್ದು ‘ಅಯ್ಯೋ, ಗಿರಾಕಿ ಗಾಜು ಹೋಯ್ತಲ್ಲ ಅಕ್ಕಾ’ ಎಂದು. ಕೈ ನೋಡಿಕೊಂಡಿರಲಿಲ್ಲ ಇನ್ನೂ.

ಹೆಬ್ಬೆರಳು ಮತ್ತೆ ಅದರ ಪಕ್ಕದ ಎರಡು ಬೆರಳಿನ ನರಗಳು ಹೋಗಿವೆ. ಹೊಲಿದಿದ್ದಾರೆ. ಊಟದ ತಟ್ಟೆ ಹಿಡಿಯಬಹುದು, ಗಾಜು ಕತ್ತರಿಸುವ ಕೈ ಇನ್ನು ಅದಲ್ಲ ಎಂದು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ನನಗೆ ಹೇಳಿದರು. ಅವನಿಗೆ ಹೇಳಿಲ್ಲ. ‘ನಿಧಾನ ಆಗುತ್ತೆ’ ಎಂದಿದ್ದಾರೆ.

ಅವನು ಒಳಗೆ ಮಲಗಿದ್ದ. ಅವನಿಂದ ಇಪ್ಪತ್ತು ಹೆಜ್ಜೆಯಾಚೆ ನನ್ನ ಬೀರುವಿನಲ್ಲಿ ಅವನಿಗೆ ಬೇಕಾಗಿದ್ದ ಮಾತ್ರೆ ಒಂದು ಡಬ್ಬಿ ತುಂಬ ಇತ್ತು. ನನ್ನ ಸೊಂಟದಲ್ಲಿ ಬೀಗದ ಕೈ ಇತ್ತು. ನಿನ್ನ ನೋಟಿಸಿಗೆ ಹೆದರಿ ನಾನೂ ಕಾವಲು ಕೂತಿದ್ದೆ ಕಣೋ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಆಮೇಲೆ ಎರಡು ನಿನಗೂ ಬಾರಿಸುತ್ತೇನೆ.

ಅವತ್ತೇ ಡಬ್ಬಿ ಒಡೆದೆ. ಕಿಟಕಿಯಲ್ಲಿ ನಿಂತಿದ್ದ ಎಲ್ಲ ಮೂರ್ಛೆ ರೋಗಿಗಳಿಗೂ ಕೊಟ್ಟೆ, ಕನ್ನಡಿಯ ಹೆಂಡತಿಗೂ ಕೊಟ್ಟೆ. ಅವರೆಲ್ಲ ಹೋದ ಮೇಲೆ ದೊಡ್ಡ ಡಾಕ್ಟರು ಓಡಿ ಬಂದರು.

‘ಏನಮ್ಮಾ ಇದು? ಕೊನೇ ಡಬ್ಬಿ ಅಲ್ವಾ ಅದು?’

‘ಹೌದು ಸಾರ್, ಕೊನೇದೇ.’

‘ನೋಟಿಸ್ ಬರುತ್ತಲ್ಲಮ್ಮಾ!’

‘ಬರ್ಲಿ ಬಿಡಿ ಸಾರ್. ಕಳಿಸೋನು ನನ್ನ ತಮ್ಮಾನೇ.’

ಈಗ ನಿನ್ನ ಗೋಡೆಯಲ್ಲಿ ಒಂದು ಕೆಂಪು ಚೌಕ ಇರಬೇಕು. ಊಟ ಮಾಡುವಾಗ ಅದರ ಕಡೆಗೆ ಮುಖ ಮಾಡಿ ಕೂತುಕೋ.

ಅಕ್ಕ


ಏಪ್ರಿಲ್ ೯

ಔಷಧ ಖರೀದಿ ಕಚೇರಿ

ವಿಷಯ: ಅಗತ್ಯ ಔಷಧಿಯ ದಾಸ್ತಾನು ಪೂರ್ಣವಾಗಿ ಮುಗಿಯಗೊಟ್ಟ ಬಗ್ಗೆ ಕಾರಣ ಕೇಳುವ ಸೂಚನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ತಮ್ಮ ಆಸ್ಪತ್ರೆಯಲ್ಲಿ ಮೂರ್ಛೆರೋಗದ ಮಾತ್ರೆಗಳ ದಾಸ್ತಾನು ಶೂನ್ಯಕ್ಕೆ ಇಳಿದಿರುವುದು ಗಮನಕ್ಕೆ ಬಂದಿರುತ್ತದೆ. ಉಳಿದೆಲ್ಲ ಆಸ್ಪತ್ರೆಗಳು ದಾಸ್ತಾನನ್ನು ಸಮರ್ಪಕವಾಗಿ ನಿರ್ವಹಿಸುತ್ತಿರುವಾಗ ತಾವು ಮಾತ್ರ ವಿಫಲರಾಗಿರುವುದು ಕರ್ತವ್ಯಲೋಪವಾಗಿರುತ್ತದೆ. ತಮ್ಮ ಮೇಲೆ ಶಿಸ್ತುಕ್ರಮವನ್ನು ಏಕೆ ಜರುಗಿಸಬಾರದು ಎಂಬುದಕ್ಕೆ ಲಿಖಿತ ವಿವರಣೆಯನ್ನು ಒಂದು ವಾರದೊಳಗಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಲಾಗುವುದು.

(ಸಹಿ)
ಉಪನಿರ್ದೇಶಕ


ಏಪ್ರಿಲ್ ೧೪

ಮಾನ್ಯ ಉಪನಿರ್ದೇಶಕರೇ,

ತಮ್ಮ ಸೂಚನೆ ತಲುಪಿತು. ನನಗೆ ಹೇಳಿಕೆ ಏನೂ ಇಲ್ಲವೆಂದು ದಯವಿಟ್ಟು ಭಾವಿಸಬೇಡಿ, ಬೇಕಾದಷ್ಟಿದೆ.

ದಾಸ್ತಾನು ಶೂನ್ಯಕ್ಕೆ ಇಳಿದದ್ದು ನಿಜ. ಔಷಧಿ ಕೊಟ್ಟರೆ ಔಷಧಿ ಮುಗಿಯುತ್ತದೆ. ಕೊಡುವುದಕ್ಕೆಂದೇ ನನಗೆ ಸಂಬಳ ಬರುವುದು ಎಂದು ಇಷ್ಟು ವರ್ಷ ತಿಳಿದಿದ್ದೆ. ಅಲ್ಲವಾದರೆ ಕಿಟಕಿ ಮುಚ್ಚಿಸಿ ಗೋಡೆ ಕಟ್ಟಿಸಿಬಿಡಿ. ಹಸಿರು ಬಣ್ಣವನ್ನು ನಾವೇ ಬಳಿಯುತ್ತೇವೆ.

ಉಳಿದೆಲ್ಲ ಆಸ್ಪತ್ರೆಗಳು ಸಮರ್ಪಕವಾಗಿ ನಿರ್ವಹಿಸುತ್ತಿವೆ ಎಂದು ಬರೆದಿದ್ದೀರಿ. ಆ ಆಸ್ಪತ್ರೆಗಳ ಫಾರ್ಮಸಿಸ್ಟರು ಯಾರು ಎಂದು ನನಗೆ ಗೊತ್ತು. ವರ್ಷಕ್ಕೊಮ್ಮೆ ತರಬೇತಿಯ ಹೆಸರಿನಲ್ಲಿ ನಮ್ಮನ್ನೆಲ್ಲ ಒಂದೇ ಹಾಲಿನಲ್ಲಿ ಚಾಪೆ ಹಾಸಿ ಮಲಗಿಸುತ್ತೀರಲ್ಲ, ಅಲ್ಲಿಯ ಸ್ನೇಹ. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮೊದಲು ಎಲ್ಲರೂ ಹಿಂಜರಿದರು. ‘ನಿನಗೇನಮ್ಮಾ, ತಮ್ಮ ಇದಾನೆ ಮೇಲೆ’ ಎಂದು ಒಬ್ಬಳು ಚುಚ್ಚಿದಳು. ತಮ್ಮ ಕಳಿಸಿದ ನೋಟಿಸನ್ನು ಅವಳಿಗೆ ಓದಿ ಹೇಳಿದೆ. ಆಮೇಲೆ ಕನ್ನಡಿಯ ಕೈ ವಿಷಯ ಹೇಳಿದೆ. ಅವಳೇ ಇನ್ನೂ ಹತ್ತು ಜನಕ್ಕೆ ಹೇಳಿದ್ದಾಳೆ.

ಬರುವ ಸೋಮವಾರ ಬೆಳಿಗ್ಗೆ ಕಿಟಕಿ ತೆಗೆಯುತ್ತಲೇ ಕೊನೆಯ ಡಬ್ಬಿಗಳು ಒಡೆಯುತ್ತವೆ. ನೋಟಿಸುಗಳನ್ನು ಮೊದಲೇ ಅಚ್ಚು ಹಾಕಿಸಿಟ್ಟುಕೊಳ್ಳಿ. ಸಹಿ ಮಾಡಿ ಕೈ ನೋಯಬಹುದು. ನೋಯಲು ತಮಗೆ ಕೈ ಇದೆಯಲ್ಲ, ಅದೇ ಸಂತೋಷ.

ಇತಿ,
ಫಾರ್ಮಸಿಸ್ಟ್


ಮೇ ೬

ಅಕ್ಕಾ,

ಯಾವ ಮುಖ ಹೊತ್ತು ಬರೆಯಲಿ ಎಂದು ಇಷ್ಟು ದಿನ ಬರೆಯಲಿಲ್ಲ.

ಆ ಸೋಮವಾರ ಹತ್ತು ಗಂಟೆಗೆ ಗೋಡೆಯಲ್ಲಿ ಒಂದೊಂದೇ ಚೌಕ ಕೆಂಪಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕೂ ಹೆಚ್ಚು. ಗುಮಾಸ್ತರೆಲ್ಲ ಬಾಗಿಲಲ್ಲಿ ಗುಂಪುಗೂಡಿ ನೋಡುತ್ತಿದ್ದರು. ನಿರ್ದೇಶಕರು ಬಂದು ನಿಂತವರು ‘ಇದನ್ನ ಬೂದಿ ಬಣ್ಣ ಮಾಡ್ರೀ. ಮಾರುಕಟ್ಟೇಲಿ ಸಿಗದ ಔಷಧಿ ಅಂತ ಪಟ್ಟಿಯಿಂದ ತೆಗೆದ್ರೆ ಆಯ್ತು, ಕೆಂಪೂ ಇರಲ್ಲ, ಗಲಾಟೇನೂ ಇರಲ್ಲ’ ಎಂದರು. ಹಾಗೆ ಮಾಡಲು ನನಗೆ ಐದು ನಿಮಿಷ ಸಾಕಿತ್ತು. ಆ ಪರದೆ ಕಟ್ಟಿದವನು ನಾನೇ ತಾನೆ.

ಆಗಲಿ ಸಾರ್ ಎಂದು ಗೋಣಾಡಿಸಿದೆ. ಅವರು ಊಟಕ್ಕೆ ಹೋದರು. ಅವರು ಕೈ ತೊಳೆದುಕೊಂಡು ಬರುವಷ್ಟರಲ್ಲಿ ತುರ್ತು ಖರೀದಿಯ ಆದೇಶಕ್ಕೆ ಸಹಿ ಹಾಕಿ ಕಳಿಸಿಬಿಟ್ಟೆ. ಕಾಲು ಭಾಗ ಕೆಂಪಾದರೆ ಯಾರನ್ನೂ ಕೇಳದೆ ಕೊಳ್ಳಬಹುದು ಎಂಬುದು ನಿಯಮ. ಶೌರ್ಯ ಎಂದುಕೊಳ್ಳಬೇಡ. ಬಾಗಿಲ ಕಡೆಗೇ ನೋಡುತ್ತಾ ಗೀಚಿದ ಸಹಿ ಅದು.

ನಿಮಗೆ ಯಾರಿಗೂ ನೋಟಿಸು ಬರುವುದಿಲ್ಲ, ನಿನ್ನದನ್ನೂ ಹಿಂದಕ್ಕೆ ಪಡೆದಿದ್ದೇನೆ. ಅದು ಆ ಕುರ್ಚಿಯಲ್ಲಿ ನಾನು ಮಾಡಿದ ಕೊನೆಯ ಕೆಲಸ. ಹೆಚ್ಚು ಬೆಲೆ ಕೊಟ್ಟು ಕೊಂಡದ್ದಕ್ಕೆ ನನ್ನ ಮೇಲೆ ವಿಚಾರಣೆ. ಈಗ ಕಚೇರಿಗಳಿಗೆ ಪೀಠೋಪಕರಣ ಹಂಚುವ ವಿಭಾಗದಲ್ಲಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮುರಿದ ಕುರ್ಚಿಗಳ ಅಹವಾಲು.

ಮಾತ್ರೆ ಈ ವಾರ ನಿಮ್ಮಲ್ಲಿಗೆ ತಲುಪುತ್ತದೆ. ಅಕ್ಕಾ, ಒಂದು ಬೇಡಿಕೆ. ಕನ್ನಡಿಗೆ ಮಾತ್ರೆ ಕೊಡುವಾಗ, ಇದನ್ನು ಕಳಿಸಿದವನು ಗುಂಡ ಎಂದು ಹೇಳು. ಅವನೆದುರು ನಿಲ್ಲುವ ಧೈರ್ಯ ನನಗಿಲ್ಲ. ನೀನು ಅಷ್ಟು ಹೇಳಿದರೆ ನನಗೆ ನಿದ್ದೆಯಾದರೂ ಬಂದೀತು.

ಗುಂಡ


ಮೇ ೨೧

ಗುಂಡಾ,

ಮಾತ್ರೆ ಬಂತು. ಒಬ್ಬೊಬ್ಬರಿಗೂ ಪೂರ್ತಿ ತಿಂಗಳಿನದ್ದು ಕೊಟ್ಟೆ. ಒಬ್ಬ ಅಜ್ಜಿ ನಂಬದೆ ಮಾತ್ರೆಯ ಪಟ್ಟಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ ನೋಡಿಕೊಂಡಳು. ‘ಮತ್ತೆ ಕಿತ್ಕೊಳಲ್ಲ ತಾನೇ?’ ಎಂದು ಕೇಳಿದಳು.

ಮಾತ್ರೆಯ ಜೊತೆಗೇ ನಿನ್ನ ಕುರ್ಚಿಗೆ ಬಂದವನ ಮೊದಲ ಸುತ್ತೋಲೆಯೂ ಬಂತು. ಇನ್ನು ಮೇಲೆ ಪ್ರತಿ ಔಷಧಿಯ ಎರಡು ಡಬ್ಬಿಗಳನ್ನು ಕಡ್ಡಾಯವಾಗಿ ಉಳಿಸಿಕೊಳ್ಳತಕ್ಕದ್ದಂತೆ. ಒಂದು ಸಾಲದಾಯಿತು, ನೋಡು! ಓದಿ ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಅವತ್ತೇ ಸಂಜೆ ತರಬೇತಿಯ ಗೆಳತಿಯರಿಗೆಲ್ಲ ಫೋನ್ ಮಾಡಿದೆ. ಯಾರೂ ಉಳಿಸುವುದಿಲ್ಲ. ಮುಗಿದರೆ ಮುಗಿಯಿತು ಎಂದೇ ಹೇಳುತ್ತೇವೆ. ಬರಲಿ ಅವನ ನೋಟಿಸು.

ನೀನು ಆ ಸಹಿ ಹಾಕಿದ್ದು ಒಳ್ಳೆಯದಾಯಿತು. ಕುರ್ಚಿ ಹೋದದ್ದಕ್ಕೆ ನನಗೆ ಬೇಸರವೂ ಇದೆ. ನೀನು ನನ್ನ ತಮ್ಮ, ಬೇಸರ ಆಗದೆ ಇರುತ್ತದೆಯೇ? ಆದರೆ ಶಾಭಾಷ್ ಎಂದು ಬೆನ್ನು ತಟ್ಟುತ್ತೇನೆಂದು ಕಾಯಬೇಡ. ಅದೇ ಸಹಿ ಫೆಬ್ರವರಿಯಲ್ಲಿ ಬಿದ್ದಿದ್ದರೆ ಇವತ್ತು ಕನ್ನಡಿ ಅವನ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದ.

ಅವನು ನಿನ್ನೆ ಬಂದಿದ್ದ. ಕೈ ವಿಷಯ ಅವನಿಗೆ ಗೊತ್ತಾಗಿದೆ. ಯಾರೂ ಹೇಳಲಿಲ್ಲ, ಗಾಜು ಕತ್ತರಿಸುವ ವಜ್ರದ ಮೊನೆ ಹಿಡಿಯಲು ಹೋಗಿ ತಾನೇ ತಿಳಿದುಕೊಂಡ. ಈಗ ಅವನು ಅಳತೆ ಹೇಳುತ್ತಾನೆ, ಹೆಂಡತಿ ಕತ್ತರಿಸುತ್ತಾಳೆ, ಇಬ್ಬರೂ ಜಗಳವಾಡುತ್ತಾರೆ. ನಾನು ಮಾತ್ರೆ ಕೊಟ್ಟೆ. ಎಡಗೈಯಲ್ಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳಲು ಪರದಾಡಿದ. ‘ಇದನ್ನು ಕಳಿಸಿದವನು...’ ಎಂದು ನಾನು ಬಾಯಿ ತೆರೆದೆ, ನೀನು ಕೇಳಿಕೊಂಡಿದ್ದೆಯಲ್ಲ ಎಂದು. ಅಷ್ಟರಲ್ಲಿ ಅವನೇ ಶುರು ಮಾಡಿದ.

‘ಅಕ್ಕಾ, ಗುಂಡ ರಾಜಧಾನೀಲೇ ಇದಾನಲ್ವಾ, ಯಾವುದೋ ದೊಡ್ಡ ಆಫೀಸಲ್ಲಿ? ಇಷ್ಟು ದಿನ ಈ ಮಾತ್ರೆ ಬರದ ಹಾಗೆ ಒಬ್ಬ ಕೂತಿದ್ದನಂತಲ್ಲ, ಅವನು ಎಲ್ಲಾದ್ರೂ ಸಿಕ್ಕಿದ್ರೆ ಒಂದು ಮಾತು ಕೇಳೋಕೆ ಹೇಳಿ. ಬಯ್ಯೋದೇನೂ ಬೇಡ. ಯಾಕೆ ಅಂತ ಕೇಳಿದ್ರೆ ಸಾಕು.’ ಆಮೇಲೆ ಹೊರಡುತ್ತಾ ಇಷ್ಟು ಹೇಳಿದ. ‘ಆ ಜಾಗದಲ್ಲಿ ನಮ್ಮ ಗುಂಡ ಇದ್ದಿದ್ರೆ ಹೀಗಾಗೋಕೆ ಬಿಡ್ತಿರ್ಲಿಲ್ಲ ಬಿಡಿ.’

ಅವನ ಹಿಂದಿದ್ದವರನ್ನು ಮುಂದೆ ಬನ್ನಿ ಎಂದು ಕರೆದೆ.

ಮಾತ್ರೆ ಕಳಿಸಿದವನು ನೀನು ಎಂದು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಅದು ನನ್ನ ಕೆಲಸವಲ್ಲ, ನಿನ್ನ ಪರವಾಗಿ ಅವನ ಮುಖ ನೋಡಲು ನಾನು ಒಪ್ಪುವುದಿಲ್ಲ. ಶನಿವಾರದ ಬಸ್ಸು ಹತ್ತು. ಕನ್ನಡಿಯ ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಶಟರ್ ಎತ್ತಲು ಅವನಿಗೆ ಈಗ ಒಂದು ಕೈ ಸಾಲದು. ಮೊದಲು ಅದನ್ನು ಎತ್ತಿಕೊಡು, ಆಮೇಲೆ ಹೇಳು.

ಅಕ್ಕ